ಗಣಕಯಂತ್ರಕ್ಕೂ ಬೇಕು ಮೇಲ್ವಿಚಾರಣೆ



ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಕೇಂದ್ರಗಳಿಗೆ ನಾವು ಭೇಟಿ ಕೊಟ್ಟಾಗಲೆಲ್ಲಾ ಕೇಳಿಬರುವ ಒಂದು ಮಾತಿದೆ. "ಸಿಸ್ಟರ್, ಕಂಪ್ಯೂಟರ್ ಬಂದ್ ಬಿದ್ದದ್ರಿ. ಏನ್ ಒತ್ತಿದ್ರೂ ಮುಂದಕ್ಕ ಹೋಗವಲ್ದು." ತಿಂಗಳ ಕೊನೆಗೆ ಸಂಘಗಳ ಲೆಕ್ಕ ಏರಿಸುವಾಗ, ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಬಂದಾಗ ಈ ಮಾತು ಇನ್ನೂ ಜೋರಾಗುತ್ತದೆ.

ಆಗ ಸಾಮಾನ್ಯವಾಗಿ ಮೂರರಲ್ಲಿ ಒಂದು ನಡೆಯುತ್ತದೆ. ಒಂದು, ಯಾರೋ ಹೋಗಿ ಸ್ವಿಚ್ ಆರಿಸಿಬಿಡುತ್ತಾರೆ. ಎರಡು, "ಇದು ಹಳೇದಾತು, ಹೊಸಾದು ಕೊಡಸ್ರಿ" ಎಂಬ ಬೇಡಿಕೆ ಬರುತ್ತದೆ. ಮೂರು, ಕಂಪ್ಯೂಟರ್ ಮುಂದೆ ಕುಳಿತ ಹುಡುಗಿಗೆ "ನಿನಗ ನಡಸಾಕ ಬರಂಗಿಲ್ಲ" ಎಂಬ ಮಾತು ಬೀಳುತ್ತದೆ. ಮೊದಲನೆಯದರಿಂದ ಹೆಣ್ಣುಮಕ್ಕಳ ಉಳಿತಾಯದ ಲೆಕ್ಕ ಹಾಳಾಗಬಹುದು. ಎರಡನೆಯದರಿಂದ ಬಡವರ ಹೆಸರಿನಲ್ಲಿ ಬಂದ ಹಣ ಸುಮ್ಮನೆ ಖರ್ಚಾಗಬಹುದು. ಮೂರನೆಯದರಿಂದ ತಪ್ಪಿಲ್ಲದವರ ಮನಸ್ಸು ನೋಯುತ್ತದೆ, ಹತ್ತನೇ ತರಗತಿ ಮುಗಿಸಿ ಧೈರ್ಯ ಮಾಡಿ ಕೆಲಸಕ್ಕೆ ಬಂದ ಹುಡುಗಿ ಮನೆಗೆ ಮರಳಿ ಹೋಗುತ್ತಾಳೆ.

ಈ ಮೂರನ್ನೂ ಮಾಡುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಅದು ನೋಡುವುದು. ಲಿನಕ್ಸ್ ಹಾಕಿದ ಕಂಪ್ಯೂಟರ್ ತನ್ನೊಳಗೆ ಏನು ನಡೆದಿದೆ, ಯಾವ ಕೆಲಸ ಎಷ್ಟು ಜಾಗ ಹಿಡಿದಿದೆ ಎಂಬುದನ್ನು ಮುಚ್ಚಿಡುವುದಿಲ್ಲ, ಕೇಳಿದರೆ ಹೇಳುತ್ತದೆ. ಹೇಗೆ ಕೇಳಬೇಕು ಎಂಬುದೇ ಈ ತಿಂಗಳ ಪಾಠ.

ಪಾಠದ ಉದ್ದೇಶ

ಈ ಪಾಠ ಮುಗಿದ ಮೇಲೆ ನೀವು,
ಅ) ಕಂಪ್ಯೂಟರ್ ನಿಧಾನವಾದಾಗ ಕಾರಣ ಯಾವುದೆಂದು ಐದು ನಿಮಿಷದಲ್ಲಿ ಪತ್ತೆ ಹಚ್ಚಬೇಕು.
ಆ) ತೊಂದರೆ ಕೊಡುವ ಒಂದು ಕೆಲಸವನ್ನು ಮಾತ್ರ, ಉಳಿದವಕ್ಕೆ ಧಕ್ಕೆ ಆಗದಂತೆ ನಿಲ್ಲಿಸಬೇಕು.
ಇ) ರಿಪೇರಿ ಅಥವಾ ಹೊಸ ಖರೀದಿ ಕೇಳುವಾಗ ಅಂಕಿ-ಅಂಶ ಮುಂದಿಟ್ಟು ಕೇಳಬೇಕು.

1. ಲಿನಕ್ಸ್ ಏಕೆ?

ವಿಂಡೋಸ್ 7ಕ್ಕೆ ಕಂಪನಿಯ ಬೆಂಬಲ 2020ರ ಜನವರಿ 14ಕ್ಕೆ ನಿಂತಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಕಂಪ್ಯೂಟರುಗಳಲ್ಲಿ ಬಹಳಷ್ಟು ವಿಂಡೋಸ್ 11ಕ್ಕೆ ಹೊಂದುವುದಿಲ್ಲ. ಆದರೆ ಯಂತ್ರ ಕೆಟ್ಟಿಲ್ಲ, ಕೀಲಿಮಣೆ ಗಟ್ಟಿ ಇದೆ, ಪರದೆ ಚೆನ್ನಾಗಿದೆ. ಇಂಥ ಯಂತ್ರಗಳಿಗೆ ಉಬುಂಟುವಿನಂಥ ಲಿನಕ್ಸ್ ವ್ಯವಸ್ಥೆ ಹಾಕಿದರೆ ಇನ್ನೂ ಕೆಲವು ವರ್ಷ ದುಡಿಯುತ್ತವೆ. ಪರವಾನಗಿಗೆ ಹಣ ಕೊಡುವಂತಿಲ್ಲ.

ಲಿನಕ್ಸ್ ಎಂದರೆ ಹೊಸತೇನೋ ಎಂದು ಹೆದರುವುದು ಬೇಡ. ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಇದರ ತಿರುಳನ್ನು ಬರೆದು ಎಲ್ಲರಿಗೂ ಹಂಚಿದರು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ಒಳಗಿರುವುದೂ ಇದೇ ತಿರುಳು. ಕೇರಳ ಸರ್ಕಾರ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಆರಂಭಿಸಿ, ಕ್ರಮೇಣ ತನ್ನ ಶಾಲೆಗಳ ಕಂಪ್ಯೂಟರುಗಳನ್ನು ಲಿನಕ್ಸ್‌ಗೆ ತಂದಿತು. 2017ರಲ್ಲಿ ಆ ಯೋಜನೆಯೇ ಕೈಟ್ ಎಂಬ ಸಂಸ್ಥೆಯಾಯಿತು. ಹಾಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡ ಪಠ್ಯಪುಸ್ತಕ ಹಿಡಿದು ಲಿನಕ್ಸ್ ಮೇಲೆಯೇ ಕಂಪ್ಯೂಟರ್ ಕಲಿಯುತ್ತಾರೆ. ನಮ್ಮ ರಾಜ್ಯದಲ್ಲೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ 2010ರ ನಂತರದ ವರ್ಷಗಳಲ್ಲಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಮೇಲೆ ತರಬೇತಿ ನೀಡಿದೆ. ಕಾಸರಗೋಡಿನ ಮಕ್ಕಳಿಗೆ ಬರುವುದು ಆಳಂದದ ಅಕ್ಕಂದಿರಿಗೆ ಯಾಕೆ ಬರುವುದಿಲ್ಲ?

2. ಕಣ, ಆಳು ಮತ್ತು ಗೋದಾಮು

ಪರದೆ ನೋಡುವ ಮೊದಲು ನಾಲ್ಕು ಮಾತು ತಿಳಿದಿರಲಿ. ನಮ್ಮ ಕಡೆ ತೊಗರಿ ರಾಶಿ ಮಾಡುವುದನ್ನು ನೆನಪಿಸಿಕೊಳ್ಳಿ.

ಪ್ರೊಸೆಸರ್ ಎಂದರೆ ಕಣದಲ್ಲಿ ದುಡಿಯುವ ಆಳು. ಎರಡು ಕೋರ್ ಇದ್ದರೆ ಇಬ್ಬರು ಆಳು, ನಾಲ್ಕು ಇದ್ದರೆ ನಾಲ್ವರು.

ಮೆಮೊರಿ ಎಂದರೆ ರಾಶಿ ಮಾಡುವ ಕಣ. ಕೆಲಸ ನಡೆಯುವಷ್ಟು ಹೊತ್ತು ಮಾಲು ಇಲ್ಲಿ ಹರಡಿರುತ್ತದೆ. ಕರೆಂಟ್ ಹೋದರೆ ಕಣ ಪೂರ್ತಿ ಖಾಲಿ.

ಹಾರ್ಡ್ ಡಿಸ್ಕ್ ಎಂದರೆ ಗೋದಾಮು. ಇಲ್ಲಿಟ್ಟದ್ದು ಕರೆಂಟ್ ಹೋದರೂ ಉಳಿಯುತ್ತದೆ. ಆದರೆ ಗೋದಾಮಿನಿಂದ ತರುವುದು, ಒಯ್ಯುವುದು ನಿಧಾನದ ಕೆಲಸ.

ಸ್ವಾಪ್ ಎಂದರೆ ಕಣದಲ್ಲಿ ಜಾಗ ಸಾಲದಾಗ ಕೆಲವು ಚೀಲಗಳನ್ನು ತಾತ್ಕಾಲಿಕವಾಗಿ ಇಡಲು ಗೋದಾಮಿನಲ್ಲಿ ಬಿಟ್ಟುಕೊಂಡ ಮೂಲೆ. ಸ್ವಲ್ಪ ಬಳಸಿದರೆ ತೊಂದರೆ ಇಲ್ಲ. ಆದರೆ ಆಳುಗಳು ಒಕ್ಕುವುದನ್ನು ಬಿಟ್ಟು ದಿನವಿಡೀ ಚೀಲ ಹೊತ್ತು ಒಳಗೂ ಹೊರಗೂ ಓಡಾಡುತ್ತಿದ್ದರೆ ರಾಶಿ ಯಾವಾಗ ಮುಗಿಯಬೇಕು? ಕಂಪ್ಯೂಟರ್ ಬಂದ್ ಬಿದ್ದದೆ ಎಂದು ನಾವು ಅನ್ನುವುದು ಬಹಳ ಸಲ ಇದನ್ನೇ. ಅದು ಸತ್ತಿರುವುದಿಲ್ಲ, ಚೀಲ ಹೊರುತ್ತಿರುತ್ತದೆ.

ಇನ್ನೊಂದು ಮಾತು ಪ್ರೊಸೆಸ್. ಗೋದಾಮಿನಲ್ಲಿ ಸುಮ್ಮನೆ ಬಿದ್ದಿರುವುದು ಪ್ರೋಗ್ರಾಂ. ಅದೇ ಪ್ರೋಗ್ರಾಂ ಕಣಕ್ಕೆ ಇಳಿದು ಕೆಲಸ ಶುರು ಮಾಡಿದರೆ ಪ್ರೊಸೆಸ್. ಪ್ರತಿ ಪ್ರೊಸೆಸ್‌ಗೂ ಒಂದು ನಂಬರ್ ಇರುತ್ತದೆ, ಅದಕ್ಕೆ ಪಿಐಡಿ ಎನ್ನುತ್ತಾರೆ. ಪ್ರತಿಯೊಂದಕ್ಕೂ ಒಬ್ಬ ಯಜಮಾನ, ಅಂದರೆ ಅದನ್ನು ಶುರು ಮಾಡಿದ ಬಳಕೆದಾರ ಇರುತ್ತಾನೆ.

3. ಮೊದಲ ನೋಟ: ಸಿಸ್ಟಮ್ ಮಾನಿಟರ್

ಉಬುಂಟುವಿನಲ್ಲಿ ಸಿಸ್ಟಮ್ ಮಾನಿಟರ್ ಎಂಬ ಸಾಧನ ಇದೆ. ತೆರೆದರೆ ಮೂರು ವಿಭಾಗ ಕಾಣುತ್ತವೆ. ಮೊದಲನೆಯದರಲ್ಲಿ ಪ್ರೊಸೆಸ್‌ಗಳ ಪಟ್ಟಿ, ಎರಡನೆಯದರಲ್ಲಿ ಪ್ರೊಸೆಸರ್, ಮೆಮೊರಿ ಮತ್ತು ಇಂಟರ್ನೆಟ್ ಬಳಕೆಯ ಗೆರೆಗಳು, ಮೂರನೆಯದರಲ್ಲಿ ಡಿಸ್ಕ್ ಎಷ್ಟು ತುಂಬಿದೆ ಎಂಬ ವಿವರ. ಪಟ್ಟಿಯ ಮೇಲಿರುವ ಮೆಮೊರಿ ಎಂಬ ತಲೆಬರಹದ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ಜಾಗ ಹಿಡಿದವರು ಮೇಲೆ ಬರುತ್ತಾರೆ. ಹೊಸದಾಗಿ ಕಲಿಯುವವರಿಗೆ ಇಷ್ಟು ಸಾಕು.

ಆದರೆ ಕಂಪ್ಯೂಟರ್ ಬಹಳ ನಿಧಾನವಾದಾಗ ಈ ಕಿಟಕಿ ತೆರೆಯುವುದಕ್ಕೇ ಹೊತ್ತು ಹಿಡಿಯುತ್ತದೆ. ಆಗ ಟರ್ಮಿನಲ್ ಬೇಕು. ಕಂಟ್ರೋಲ್, ಆಲ್ಟ್ ಮತ್ತು ಟಿ ಮೂರನ್ನೂ ಒಟ್ಟಿಗೆ ಒತ್ತಿದರೆ ಕಪ್ಪು ಕಿಟಕಿಯೊಂದು ಬರುತ್ತದೆ. ಅದನ್ನು ನೋಡಿ ಅಂಜಬೇಡಿ. ಅಲ್ಲಿ ನಾವು ಕೇಳುವ ಪ್ರಶ್ನೆಗಳು ಮೂರು ನಾಲ್ಕೇ.

4. ಟಾಪ್: ಈಗ ಯಾರು ದುಡಿಯುತ್ತಿದ್ದಾರೆ?

ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಟಿ, ಓ, ಪಿ ಸಣ್ಣಕ್ಷರಗಳನ್ನು ಹೊಡೆದು ಎಂಟರ್ ಒತ್ತಿ. ಪರದೆ ತುಂಬ ಅಂಕಿಗಳು ಬರುತ್ತವೆ, ಕೆಲವು ಸೆಕೆಂಡಿಗೊಮ್ಮೆ ಬದಲಾಗುತ್ತವೆ. ಎಲ್ಲವನ್ನೂ ಓದಬೇಕಾಗಿಲ್ಲ. ಮೂರು ಕಡೆ ಕಣ್ಣಿಟ್ಟರೆ ಸಾಕು.

ಮೊದಲ ಸಾಲಿನ ಕೊನೆಯಲ್ಲಿ ಲೋಡ್ ಆವರೇಜ್ ಎಂದು ಮೂರು ಅಂಕಿ ಇರುತ್ತವೆ. ಕಳೆದ 1 ನಿಮಿಷ, 5 ನಿಮಿಷ ಮತ್ತು 15 ನಿಮಿಷಗಳಲ್ಲಿ ಸರಾಸರಿ ಎಷ್ಟು ಕೆಲಸಗಳು ನಡೆಯುತ್ತಿದ್ದವು ಅಥವಾ ಪಾಳಿಗಾಗಿ ಕಾದಿದ್ದವು ಎಂಬ ಲೆಕ್ಕ ಅದು. ಇದನ್ನು ಆಳುಗಳ ಸಂಖ್ಯೆಯ ಜೊತೆ ಹೋಲಿಸಬೇಕು. ಎರಡು ಕೋರ್ ಇರುವ ಯಂತ್ರದಲ್ಲಿ 2 ಎಂದರೆ ಇಬ್ಬರಿಗೂ ಕೈತುಂಬ ಕೆಲಸ. 6 ಎಂದರೆ ನಾಲ್ಕು ಕೆಲಸ ಸಾಲಿನಲ್ಲಿ ನಿಂತಿವೆ. ಮೊದಲ ಅಂಕಿ ದೊಡ್ಡದು, ಕೊನೆಯದು ಚಿಕ್ಕದು ಇದ್ದರೆ ತೊಂದರೆ ಈಗಷ್ಟೇ ಶುರುವಾಗಿದೆ. ತಿರುಗಾಮುರುಗಾ ಇದ್ದರೆ ತೊಂದರೆ ಇಳಿಯುತ್ತಿದೆ, ಸ್ವಲ್ಪ ತಾಳಿ.

ಮೂರನೇ ಸಾಲಿನಲ್ಲಿ ಪ್ರೊಸೆಸರಿನ ಸಮಯ ಎಲ್ಲಿ ಹೋಯಿತು ಎಂಬ ಶೇಕಡಾ ಲೆಕ್ಕ ಇದೆ. ಐಡಿ ಎಂಬ ಎರಡಕ್ಷರದ ಹಿಂದಿನ ಅಂಕಿ ಖಾಲಿ ಕುಳಿತ ಸಮಯ. ಡಬ್ಲ್ಯೂಎ ಹಿಂದಿನ ಅಂಕಿ ಡಿಸ್ಕಿಗಾಗಿ ಕಾಯುತ್ತಾ ಕಳೆದ ಸಮಯ. ಡಬ್ಲ್ಯೂಎ 30, 40 ಎಂದು ಬಂದು ಅಲ್ಲೇ ನಿಂತರೆ ಆಳುಗಳ ತಪ್ಪಿಲ್ಲ, ಗೋದಾಮಿನ ಬಾಗಿಲಲ್ಲಿ ಗದ್ದಲ ಇದೆ ಎಂದು ತಿಳಿಯಿರಿ.

ಕೆಳಗಿನ ಪಟ್ಟಿಯಲ್ಲಿ ಒಂದೊಂದು ಸಾಲು ಒಂದೊಂದು ಪ್ರೊಸೆಸ್. ದೊಡ್ಡಕ್ಷರದ ಎಂ ಒತ್ತಿದರೆ ಹೆಚ್ಚು ಮೆಮೊರಿ ಹಿಡಿದವರು ಮೇಲೆ ಬರುತ್ತಾರೆ. ದೊಡ್ಡಕ್ಷರದ ಪಿ ಒತ್ತಿದರೆ ಪ್ರೊಸೆಸರ್ ಹೆಚ್ಚು ಬಳಸುವವರು ಮೇಲೆ ಬರುತ್ತಾರೆ. ಒಂದು ಪ್ರೊಸೆಸ್ ಮುಂದೆ 150 ಶೇಕಡಾ ಎಂದು ಕಂಡರೆ ತಪ್ಪೆಂದು ತಿಳಿಯಬೇಡಿ. ಒಂದು ಕೋರಿಗೆ 100ರಂತೆ ಲೆಕ್ಕ, ಅದು ಒಂದೂವರೆ ಆಳಿನ ಕೆಲಸ ಹಿಡಿದಿದೆ. ಹೊರಬರಲು ಸಣ್ಣಕ್ಷರದ ಕ್ಯೂ ಒತ್ತಿ.

ಹೆಸರುಗಳು ಮೊದಮೊದಲು ಗೊಂದಲ ಮಾಡುತ್ತವೆ. ಎಸ್‌ಆಫೀಸ್ ಎಂದು ಶುರುವಾಗುವ ಹೆಸರು ಇದ್ದರೆ ಅದು ನಿಮ್ಮ ಲೆಕ್ಕದ ಹಾಳೆ ತೆರೆದಿರುವ ಲಿಬ್ರೆಆಫೀಸ್. ಐಸೊಲೇಟೆಡ್ ವೆಬ್ ಎಂಬ ಹೆಸರಿನ ಸಾಲುಗಳು ಹತ್ತಾರು ಇದ್ದರೆ ಅವು ಫೈರ್‌ಫಾಕ್ಸ್‌ನಲ್ಲಿ ನೀವು ತೆರೆದು ಬಿಟ್ಟ ಪುಟಗಳು. ಯಾವ ಪುಟ ಎಷ್ಟು ತಿನ್ನುತ್ತಿದೆ ಎಂದು ನೋಡಲು ಫೈರ್‌ಫಾಕ್ಸ್‌ನಲ್ಲೇ ಟಾಸ್ಕ್ ಮ್ಯಾನೇಜರ್ ಇದೆ. ಪುಟವನ್ನು ಅಲ್ಲಿಂದಲೇ ಮುಚ್ಚಬಹುದು.

5. ಫ್ರೀ: ಕಣದಲ್ಲಿ ಎಷ್ಟು ಜಾಗ ಇದೆ?

ಎಫ್, ಆರ್, ಇ, ಇ ಹೊಡೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಹಾಕಿ, ಅದಕ್ಕೆ ಅಂಟಿಸಿ ಹೆಚ್ ಹೊಡೆದು ಎಂಟರ್ ಒತ್ತಿ. ಮೆಮೊರಿಗೆ ಒಂದು ಸಾಲು, ಸ್ವಾಪ್‌ಗೆ ಒಂದು ಸಾಲು ಬರುತ್ತದೆ.

ಇಲ್ಲಿ ಬಹಳ ಜನ ಎಡವುತ್ತಾರೆ. ಫ್ರೀ ಎಂಬ ಕಾಲಂನಲ್ಲಿ ಕಡಿಮೆ ಅಂಕಿ ನೋಡಿ "ಮೆಮೊರಿ ಮುಗೀತು" ಎಂದು ಗಾಬರಿಯಾಗುತ್ತಾರೆ. ಲಿನಕ್ಸ್ ಖಾಲಿ ಜಾಗವನ್ನು ಸುಮ್ಮನೆ ಬಿಡುವುದಿಲ್ಲ. ಗೋದಾಮಿನಿಂದ ಒಮ್ಮೆ ತಂದ ಫೈಲುಗಳನ್ನು ಮತ್ತೆ ಬೇಕಾದೀತೆಂದು ಕಣದ ಅಂಚಿನಲ್ಲೇ ಇಟ್ಟುಕೊಂಡಿರುತ್ತದೆ. ಬೇರೆ ಕೆಲಸಕ್ಕೆ ಜಾಗ ಬೇಕೆಂದಾಗ ತಕ್ಷಣ ಸರಿಸಿಕೊಡುತ್ತದೆ. ಆದ್ದರಿಂದ ನೋಡಬೇಕಾದದ್ದು ಕೊನೆಯ ಕಾಲಂ, ಅವೈಲಬಲ್. ನಿಜವಾಗಿ ಸಿಗಬಹುದಾದ ಜಾಗ ಅದೇ. ಅವೈಲಬಲ್ ಸಾಕಷ್ಟಿದ್ದು ಸ್ವಾಪ್ ಬಳಕೆ ಕಡಿಮೆ ಇದ್ದರೆ ಮೆಮೊರಿಯ ಕಡೆ ಬೆರಳು ತೋರಿಸುವಂತಿಲ್ಲ.

ಅವೈಲಬಲ್ ತೀರಾ ಇಳಿದು, ಸ್ವಾಪ್ ಕೂಡ ತುಂಬಿದರೆ? ಆಗ ಲಿನಕ್ಸ್ ತಾನೇ ಒಂದು ಪ್ರೊಸೆಸ್ ಆರಿಸಿ ಹೊರಹಾಕುತ್ತದೆ. ಸಾಮಾನ್ಯವಾಗಿ ಹೆಚ್ಚು ಜಾಗ ಹಿಡಿದದ್ದರ ಮೇಲೆ ಅದರ ಕಣ್ಣು ಬೀಳುತ್ತದೆ. ಕೇಳಿ ಹೇಳಿ ಮಾಡುವುದಿಲ್ಲ. ಆ ಹೊತ್ತಿಗೆ ಉಳಿಸದೇ ಇದ್ದ ಲೆಕ್ಕ ಅಲ್ಲಿಗೇ ಹೋಯಿತು. "ತಾನೇ ಬಂದ್ ಆತ್ರಿ, ನಾ ಏನೂ ಮುಟ್ಟಿಲ್ಲ" ಎಂದು ಹುಡುಗಿ ಹೇಳಿದರೆ ನಂಬಿ. ಅವಳು ಹೇಳುತ್ತಿರುವುದು ನಿಜವೇ ಇರಬಹುದು.

6. ಡಿಎಫ್: ಗೋದಾಮು ತುಂಬಿದೆಯೇ?

ಡಿ, ಎಫ್ ಹೊಡೆದು, ಜಾಗ ಬಿಟ್ಟು, ಅಡ್ಡಗೆರೆ ಮತ್ತು ಹೆಚ್ ಹೊಡೆಯಿರಿ. ಕೊನೆಯ ಕಾಲಂನಲ್ಲಿ ಬರೇ ಒಂದು ಓರೆಗೆರೆ ಇರುವ ಸಾಲು ಮುಖ್ಯ. ಅದರಲ್ಲಿ ಬಳಕೆ 95 ಶೇಕಡಾ ದಾಟಿದ್ದರೆ ಫೈಲ್ ಉಳಿಸುವುದಕ್ಕೇ ಜಾಗ ಸಿಗದೆ ಹೋಗಬಹುದು. ಕಾರ್ಯಕ್ರಮದ ಫೋಟೋ, ವಿಡಿಯೋಗಳನ್ನು ಒಂದೇ ಫೈಲ್ ಮೂರು ಕಡೆ ಇಟ್ಟಿರುತ್ತೇವೆ. ಅಳಿಸಿದ್ದೆಲ್ಲಾ ಕಸದಬುಟ್ಟಿಯಲ್ಲಿ ಹಾಗೇ ಇರುತ್ತದೆ. ಮೊದಲು ಬುಟ್ಟಿ ಖಾಲಿ ಮಾಡಿ.

7. ಪ್ರೊಸೆಸ್‌ಗಳ ಮನೆತನ

ಪ್ರತಿ ಪ್ರೊಸೆಸ್‌ಗೂ ಒಬ್ಬ ಹೆತ್ತವರಿದ್ದಾರೆ. ಟರ್ಮಿನಲ್‌ನಲ್ಲಿ ನೀವು ಟಾಪ್ ಶುರು ಮಾಡಿದರೆ ಅದು ಟರ್ಮಿನಲ್‌ನ ಮನೆಯ ಮಗು. ಈ ಮನೆತನದ ಮೂಲಕ್ಕೆ ಹೋದರೆ 1ನೇ ನಂಬರಿನ ಪ್ರೊಸೆಸ್ ಸಿಗುತ್ತದೆ. ಈಗಿನ ಉಬುಂಟುವಿನಲ್ಲಿ ಅದರ ಹೆಸರು ಸಿಸ್ಟಮ್‌ಡಿ. ಹೆತ್ತ ಪ್ರೊಸೆಸ್ ಮೊದಲೇ ಮುಗಿದುಹೋಗಿ ಮಗು ಉಳಿದರೆ ಅದನ್ನು ಅನಾಥ ಪ್ರೊಸೆಸ್ ಎನ್ನುತ್ತಾರೆ. ಅದನ್ನು ಬೀದಿಗೆ ಬಿಡುವುದಿಲ್ಲ, ಸಾಮಾನ್ಯವಾಗಿ 1ನೇ ನಂಬರಿನವರೇ ದತ್ತು ತೆಗೆದುಕೊಳ್ಳುತ್ತಾರೆ.

ಕೆಲಸ ಮುಗಿಸಿಯೂ ಪಟ್ಟಿಯಲ್ಲಿ ಹೆಸರು ಉಳಿದ ಪ್ರೊಸೆಸ್‌ಗಳೂ ಉಂಟು. ಇವಕ್ಕೆ ಜೋಂಬಿ ಎನ್ನುತ್ತಾರೆ, ಟಾಪ್‌ನಲ್ಲಿ ಝಡ್ ಅಕ್ಷರದ ಗುರುತು ಇರುತ್ತದೆ. ಊರು ಬಿಟ್ಟು ಪುಣೆಗೆ ದುಡಿಯಲು ಹೋದವನ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದ ಹಾಗೆ. ಅವನು ಇಲ್ಲಿ ಊಟ ಮಾಡುವುದಿಲ್ಲ, ಹೆಸರು ಮಾತ್ರ ಇದೆ. ಒಂದೆರಡು ಜೋಂಬಿ ಕಂಡರೆ ಚಿಂತೆ ಬೇಡ. ಡಿ ಎಂಬ ಗುರುತು ಇದ್ದರೆ ಆ ಪ್ರೊಸೆಸ್ ಸಾಮಾನ್ಯವಾಗಿ ಡಿಸ್ಕಿನ ಉತ್ತರಕ್ಕೆ ಕಾಯುತ್ತಿದೆ. ಅದನ್ನು ನಿಲ್ಲಿಸಲು ಹೋದರೂ ಬಹುತೇಕ ನಿಲ್ಲುವುದಿಲ್ಲ, ಕಾಯಲೇಬೇಕು. ಪೆನ್‌ಡ್ರೈವ್ ಕೆಟ್ಟಿದ್ದರೆ ಹೀಗಾಗುವುದುಂಟು.

8. ನಿಲ್ಲಿಸುವುದು ಹೇಗೆ?

ಮೊದಲ ದಾರಿ ಎಂದಿಗೂ ಒಂದೇ: ಫೈಲ್ ಉಳಿಸಿ, ಪ್ರೋಗ್ರಾಂ ಅನ್ನು ಅದರ ಸ್ವಂತ ಬಾಗಿಲಿನಿಂದಲೇ ಮುಚ್ಚಿ. ಅದು ಸ್ಪಂದಿಸದಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಟಾಪ್ ತೆರೆದಿರುವಾಗ ಸಣ್ಣಕ್ಷರದ ಕೆ ಒತ್ತಿ. ಯಾವ ಪಿಐಡಿ ಎಂದು ಕೇಳುತ್ತದೆ. ನಂಬರ್ ಕೊಟ್ಟು ಎಂಟರ್ ಒತ್ತಿದರೆ ಯಾವ ಸೂಚನೆ ಕಳುಹಿಸಲಿ ಎಂದು ಕೇಳುತ್ತದೆ. ಏನೂ ಬರೆಯದೆ ಎಂಟರ್ ಒತ್ತಿದರೆ 15ನೇ ಸೂಚನೆ ಹೋಗುತ್ತದೆ. ಇದು "ಕೆಲಸ ಮುಗಿಸಿ ಎದ್ದೇಳ್ರಿ" ಎಂದು ಹೇಳಿದ ಹಾಗೆ. ಪ್ರೋಗ್ರಾಂಗೆ ತನ್ನ ಸಾಮಾನು ಕಟ್ಟಿಕೊಳ್ಳಲು ಅವಕಾಶ ಇರುತ್ತದೆ. ಅರ್ಧ ನಿಮಿಷ ಕಾದರೂ ಏಳದಿದ್ದರೆ ಮತ್ತೆ ಕೆ ಒತ್ತಿ, ಅದೇ ನಂಬರಿಗೆ 9ನೇ ಸೂಚನೆ ಕೊಡಿ. ಇದು ಕೈ ಹಿಡಿದು ಹೊರಗೆ ಹಾಕಿದ ಹಾಗೆ. ಪ್ರೋಗ್ರಾಂಗೆ ಏನನ್ನೂ ಉಳಿಸಿಕೊಳ್ಳಲು ಆಗುವುದಿಲ್ಲ. ಆದ್ದರಿಂದ 15 ಮೊದಲು, 9 ಕೊನೆಗೆ. ಈ ಕ್ರಮ ತಪ್ಪಬಾರದು.

ಪರದೆಯೇ ಅಲುಗದಿದ್ದರೂ ಸ್ವಿಚ್ ಕಡೆ ಕೈ ಹೋಗಬಾರದು. ಕಂಟ್ರೋಲ್, ಆಲ್ಟ್ ಮತ್ತು ಎಫ್3 ಒಟ್ಟಿಗೆ ಒತ್ತಿ ಸ್ವಲ್ಪ ತಾಳಿ. ಅಕ್ಷರಗಳಷ್ಟೇ ಇರುವ ಇನ್ನೊಂದು ಪರದೆ ಬರುತ್ತದೆ. ಅಲ್ಲಿ ಹೆಸರು, ಪಾಸ್‌ವರ್ಡ್ ಕೊಟ್ಟು ಟಾಪ್ ನಡೆಸಿ, ತೊಂದರೆ ಕೊಡುವ ಪ್ರೊಸೆಸ್ ನಿಲ್ಲಿಸಬಹುದು. ಕಂಟ್ರೋಲ್, ಆಲ್ಟ್ ಜೊತೆ ಎಫ್1 ಅಥವಾ ಎಫ್2 ಒತ್ತಿದರೆ ಮೊದಲಿನ ಪರದೆಗೆ ಮರಳುತ್ತೀರಿ.

ಸ್ವಿಚ್ ಬೇಡ ಎಂದು ಯಾಕೆ ಇಷ್ಟು ಒತ್ತಿ ಹೇಳುತ್ತೇವೆ? ನೀವು ಉಳಿಸು ಎಂದು ಒತ್ತಿದ್ದು ಒಮ್ಮೊಮ್ಮೆ ತಕ್ಷಣ ಡಿಸ್ಕಿಗೆ ಹೋಗಿರುವುದಿಲ್ಲ. ಸ್ವಲ್ಪ ಹೊತ್ತು ಕಣದಲ್ಲೇ ಇದ್ದು ಆಮೇಲೆ ಗೋದಾಮು ಸೇರುತ್ತದೆ. ಆ ನಡುವೆ ಕರೆಂಟ್ ಕಿತ್ತರೆ ಫೈಲ್ ಅರ್ಧಂಬರ್ಧ ಆಗಬಹುದು. ಪೆನ್‌ಡ್ರೈವನ್ನು ಎಜೆಕ್ಟ್ ಮಾಡದೆ ಕೀಳಬಾರದು ಎಂಬುದಕ್ಕೂ ಇದೇ ಕಾರಣ.

ಇವುಗಳನ್ನು ನಿಲ್ಲಿಸಬೇಡಿ:
ಅ) ಸಿಸ್ಟಮ್‌ಡಿ, ಗ್ನೋಮ್ ಶೆಲ್, ಎಕ್ಸ್‌ಆರ್ಗ್. ಇವು ಮನೆಯ ಕಂಬಗಳು.
ಆ) ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ. ಲೆಕ್ಕದ ತಂತ್ರಾಂಶದ ಎಲ್ಲಾ ದಾಖಲೆ ಇದರ ಕೈಯಲ್ಲಿದ್ದರೆ, 9ನೇ ಸೂಚನೆ ಕೊಡುವುದು ಅಪಾಯ.
ಇ) ಅನ್‌ಅಟೆಂಡೆಡ್ ಅಪ್‌ಗ್ರೇಡ್. ಇದು ಸುರಕ್ಷತೆಯ ಹೊಸ ತಿದ್ದುಪಡಿಗಳನ್ನು ತಂದು ಹಾಕುವ ಕೆಲಸ. ವಾರಗಟ್ಟಲೆ ಮುಚ್ಚಿದ್ದ ಕಂಪ್ಯೂಟರನ್ನು ಹಚ್ಚಿದ ತಕ್ಷಣ ನಿಧಾನ ಅನ್ನಿಸಿದರೆ ಇದೇ ನಡೆದಿರಬಹುದು. ಚಹಾ ಕುಡಿದು ಬನ್ನಿ.

ಬೇರೆಯವರ ಹೆಸರಿನಲ್ಲಿ ನಡೆಯುವ ಪ್ರೊಸೆಸ್ ಅನ್ನು ಸಾಮಾನ್ಯ ಬಳಕೆದಾರರು ನಿಲ್ಲಿಸಲಾರರು. ಈ ಬೇಲಿ ಒಳ್ಳೆಯದಕ್ಕೇ ಇದೆ. ಗುರುತಿಲ್ಲದ ಪ್ರೊಸೆಸ್ ಒಂದು ದಿನಗಟ್ಟಲೆ ಪ್ರೊಸೆಸರನ್ನು ತಿನ್ನುತ್ತಿದ್ದರೆ ಹೆಸರು, ನಂಬರ್, ಯಜಮಾನ ಮೂರನ್ನೂ ಬರೆದುಕೊಂಡು ಮುಖ್ಯ ಕಚೇರಿಗೆ ತಿಳಿಸಿ.

ಎಲ್ಲವನ್ನೂ ನಿಲ್ಲಿಸಲೇಬೇಕೆಂದೂ ಇಲ್ಲ. ದೊಡ್ಡ ಬ್ಯಾಕಪ್ ನಡೆದಿರುವಾಗ ಲೆಕ್ಕ ಬರೆಯಬೇಕಾದರೆ, ಸಿಸ್ಟಮ್ ಮಾನಿಟರ್‌ನಲ್ಲಿ ಆ ಪ್ರೊಸೆಸ್ ಮೇಲೆ ಬಲಗುಂಡಿ ಒತ್ತಿ ಆದ್ಯತೆಯನ್ನು ಕಡಿಮೆ ಮಾಡಿ. ಅದು ಪಕ್ಕಕ್ಕೆ ಸರಿದು ಉಳಿದವರಿಗೆ ದಾರಿ ಬಿಡುತ್ತದೆ. ಲಿನಕ್ಸ್‌ನಲ್ಲಿ ಈ ಗುಣಕ್ಕೆ ನೈಸ್ ಎಂದೇ ಹೆಸರು; 19 ಎಂದರೆ ಬಹಳ ಉದಾರಿ.

9. ಮೂರು ಉದಾಹರಣೆಗಳು

ಕಲಿತದ್ದನ್ನು ಹೇಗೆ ಕೂಡಿಸಿ ಓದಬೇಕು ಎಂದು ತೋರಿಸಲು ಮೂರು ಕಲ್ಪಿತ ಸನ್ನಿವೇಶ ಕೊಡುತ್ತೇವೆ.

ಮೊದಲನೆಯದು: ತಿಂಗಳ ಕೊನೆ, ಎರಡು ಕೋರ್, 4 ಜಿಬಿ ಮೆಮೊರಿಯ ಯಂತ್ರ. ಲೆಕ್ಕದ ಹಾಳೆ ತೆರೆದಿದೆ. ಫೈರ್‌ಫಾಕ್ಸ್‌ನಲ್ಲಿ ಸೇವಾಸಿಂಧು, ವಿದ್ಯಾರ್ಥಿವೇತನ, ಒಂದು ವಿಡಿಯೋ ಸೇರಿ 23 ಪುಟ ತೆರೆದಿವೆ. ಲೋಡ್ 6.10, 5.40, 3.20. ಡಬ್ಲ್ಯೂಎ 45. ಅವೈಲಬಲ್ 210 ಎಂಬಿ. ಸ್ವಾಪ್ 2 ಜಿಬಿಯಲ್ಲಿ 1.6 ಜಿಬಿ ಬಳಕೆ. ಓದು ಹೀಗೆ: ತೊಂದರೆ ಏರುತ್ತಿದೆ, ಕಣ ತುಂಬಿದೆ, ಆಳುಗಳು ಚೀಲ ಹೊರುತ್ತಿದ್ದಾರೆ. ಪರಿಹಾರ: ಲೆಕ್ಕ ಉಳಿಸಿ, ಬೇಡದ ಪುಟಗಳನ್ನು ಮುಚ್ಚಿ. ಹೊಸ ಕಂಪ್ಯೂಟರ್ ಬೇಕಿಲ್ಲ.

ಎರಡನೆಯದು: ಅರ್ಜಿಯ ಕೊನೆಯ ದಿನ. ಪುಟ ತಿರುಗುತ್ತಲೇ ಇದೆ, ತೆರೆಯುತ್ತಿಲ್ಲ. ಐಡಿ 92, ಡಬ್ಲ್ಯೂಎ 0, ಅವೈಲಬಲ್ 1.8 ಜಿಬಿ. ಕಂಪ್ಯೂಟರ್ ಖಾಲಿ ಕುಳಿತಿದೆ. ತೊಂದರೆ ಇಂಟರ್ನೆಟ್‌ನದು ಅಥವಾ ಆ ಕಡೆಯ ವೆಬ್‌ಸೈಟಿನಲ್ಲಿ ಜನಸಂದಣಿ. ಯಂತ್ರವನ್ನು ಹತ್ತು ಸಲ ಆರಿಸಿ ಹಚ್ಚಿದರೂ ಪ್ರಯೋಜನ ಇಲ್ಲ. ಸಾಲಿನಲ್ಲಿ ನಿಂತ ತಾಯಂದಿರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಬೆಳಿಗ್ಗೆ ಬೇಗ ಬರಲು ಸಮಯ ಕೊಡಿ. ಮುಂದಿನ ಸಲ ಕೊನೆಯ ದಿನದವರೆಗೆ ಕಾಯದಂತೆ ಸಂಘದ ಸಭೆಯಲ್ಲಿ ತಿಳಿಸಿ.

ಮೂರನೆಯದು: ಮೇ ತಿಂಗಳ ಮಧ್ಯಾಹ್ನ, ಜೇವರ್ಗಿ. ಬೆಳಿಗ್ಗೆ ಸರಿಯಾಗಿದ್ದ ಕಂಪ್ಯೂಟರ್ ಎರಡು ಗಂಟೆಗೆ ನಿಧಾನ. ಮೆಮೊರಿ ಇದೆ, ಡಿಸ್ಕ್ ಇದೆ, ಹೊಸ ಪ್ರೊಸೆಸ್ ಯಾವುದೂ ಇಲ್ಲ. ಫ್ಯಾನ್ ಮಾತ್ರ ಒಂದೇ ಸಮ ಕೂಗುತ್ತಿದೆ. ನಮ್ಮ ಜಿಲ್ಲೆಯಲ್ಲಿ ಬೇಸಿಗೆಯ ಬಿಸಿ 40 ಡಿಗ್ರಿ ದಾಟುತ್ತದೆ. ಪ್ರೊಸೆಸರ್ ಅತಿಯಾಗಿ ಕಾದರೆ ಸುಟ್ಟುಹೋಗದಂತೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ರಾಶಿಯ ಕಾಲದ ಧೂಳು ಫ್ಯಾನಿನಲ್ಲಿ ಕಟ್ಟಿಕೊಂಡಿದ್ದರೆ ಇನ್ನೂ ಬೇಗ ಕಾಯುತ್ತದೆ. ಯಂತ್ರ ಆರಿಸಿ, ವೈರ್ ತೆಗೆದು, ಮೆತ್ತಗಿನ ಬ್ರಷ್‌ನಿಂದ ಧೂಳು ತೆಗೆಸಿ. ಬಿಸಿಲು ಬೀಳುವ ಗೋಡೆಯಿಂದ ದೂರ ಇಡಿ. ಭಾರಿ ಕೆಲಸವನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಬಿಸಿಲಿಗೆ ನಾವು ಹೊಲದ ಕೆಲಸದ ಹೊತ್ತು ಬದಲಿಸುವುದಿಲ್ಲವೇ, ಇದೂ ಹಾಗೆಯೇ.

10. ನೋಂದಣಿ ಪುಸ್ತಕ

ಒಂದು ಸಲ ನೋಡಿದರೆ ಪರಿಸ್ಥಿತಿ ತಿಳಿಯುತ್ತದೆ, ಮೇಲಿಂದ ಮೇಲೆ ನೋಡಿ ಬರೆದಿಟ್ಟರೆ ಕಾರಣ ತಿಳಿಯುತ್ತದೆ. ಸಂಘಗಳ ಮೇಲ್ವಿಚಾರಣೆಯಲ್ಲಿ ನಾವು ಕಲಿತದ್ದೂ ಇದನ್ನೇ. ಪ್ರತಿ ಕಂಪ್ಯೂಟರಿನ ಪಕ್ಕ 100 ಪುಟದ ಒಂದು ನೋಟ್‌ಬುಕ್ ಇರಲಿ. ವಾರಕ್ಕೊಮ್ಮೆ ಮತ್ತು ನಿಧಾನವಾದಾಗಲೆಲ್ಲಾ ಆರು ವಿಷಯ ಬರೆಯಿರಿ: ದಿನಾಂಕ ಮತ್ತು ಹೊತ್ತು, ಲೋಡ್‌ನ ಮೂರು ಅಂಕಿ, ಅವೈಲಬಲ್ ಮತ್ತು ಸ್ವಾಪ್, ಡಿಸ್ಕ್ ಬಳಕೆಯ ಶೇಕಡಾ, ಮೇಲಿದ್ದ ಮೂರು ಪ್ರೊಸೆಸ್‌ಗಳ ಹೆಸರು, ಏನು ಮಾಡಿದಿರಿ.

ಎರಡು ಮೂರು ತಿಂಗಳಲ್ಲಿ ಈ ಪುಸ್ತಕ ಮಾತಾಡುತ್ತದೆ. ಬೇಡದ ಪುಟಗಳನ್ನೆಲ್ಲಾ ಮುಚ್ಚಿದರೂ ಸ್ವಾಪ್ ತುಂಬುತ್ತಿದ್ದರೆ ಮೆಮೊರಿ ಹೆಚ್ಚಿಸಬೇಕು. ಮೆಮೊರಿ ಇದ್ದೂ ಡಬ್ಲ್ಯೂಎ ಏರುತ್ತಿದ್ದರೆ ಹಳೆಯ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಬೇಕು. ಇವೆರಡೂ ಇಡೀ ಹೊಸ ಕಂಪ್ಯೂಟರಿಗಿಂತ ಬಹಳ ಕಡಿಮೆ ಖರ್ಚಿನವು. ಎಲ್ಲಾ ಮಾಡಿದ ಮೇಲೂ ಪ್ರೊಸೆಸರೇ ಸಾಲದಿದ್ದರೆ ಹೊಸದನ್ನು ಕೇಳಿ. ಪುಸ್ತಕದ ಪುಟ ಲಗತ್ತಿಸಿ ಕೇಳಿದರೆ ಇಲ್ಲ ಎನ್ನುವುದು ಕಚೇರಿಗೂ ಕಷ್ಟ.

ಒಂದು ಎಚ್ಚರಿಕೆ. ಈ ಪುಸ್ತಕ ಯಂತ್ರದ ಮೇಲ್ವಿಚಾರಣೆಗೆ, ಹುಡುಗಿಯರ ಮೇಲೆ ಕಣ್ಣಿಡುವುದಕ್ಕಲ್ಲ. ಯಾರು ಎಷ್ಟು ಹೊತ್ತು ವಿಡಿಯೋ ನೋಡಿದರು ಎಂದು ಹಿಡಿದು ಬೈಯಲು ಇದನ್ನು ಬಳಸಿದರೆ ನಾಳೆಯಿಂದ ಯಾರೂ ನಿಜ ಬರೆಯುವುದಿಲ್ಲ.

11. ಚಿಂತನೆ

ಗೋಪುರ ಕಟ್ಟಬೇಕೆಂದವನು ಮೊದಲು ಕುಳಿತು ತನ್ನಲ್ಲಿರುವುದು ಸಾಕಾಗುತ್ತದೋ ಇಲ್ಲವೋ ಎಂದು ಲೆಕ್ಕ ಹಾಕಬೇಕೆಂಬ ಮಾತು ಸಂತ ಲೂಕನ ಶುಭಸಂದೇಶದಲ್ಲಿ ಬರುತ್ತದೆ. ಇರುವುದನ್ನು ಅರಿಯದೆ ಇಲ್ಲದ್ದಕ್ಕೆ ಕೈ ಚಾಚಬಾರದು ಎಂಬುದು ನಮ್ಮ ಹಿರಿಯರೂ ಹೇಳುತ್ತಿದ್ದ ಬುದ್ಧಿ. ಪೋಪ್ ಫ್ರಾನ್ಸಿಸರು 2015ರ ಲೌದಾತೊ ಸೀ ಪತ್ರದಲ್ಲಿ ಬಳಸಿ ಬಿಸಾಡುವ ಸಂಸ್ಕೃತಿಯ ಬಗ್ಗೆ ಎಚ್ಚರಿಸಿದರು. ಬಿಸಾಡಿದ ಕಂಪ್ಯೂಟರಿನಲ್ಲಿ ಸೀಸದಂಥ ವಿಷದ ವಸ್ತುಗಳಿರುತ್ತವೆ. ಕೊನೆಗೆ ಅದನ್ನು ಬರಿಗೈಯಲ್ಲಿ ಒಡೆದು ಆರಿಸುವವರು ಬಡವರೇ. ಒಂದು ಯಂತ್ರವನ್ನು ಇನ್ನೂ ಮೂರು ವರ್ಷ ಚೆನ್ನಾಗಿ ನಡೆಸಿದರೆ ಹಣದ ಜೊತೆಗೆ ಅಂಥ ಕೈಗಳನ್ನೂ ಉಳಿಸಿದಂತೆ.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಕೇಂದ್ರದಲ್ಲಿ ಕಂಪ್ಯೂಟರ್ ನಿಧಾನವಾದಾಗ ಮೊದಲು ಯಾರ ಮೇಲೆ ಮಾತು ಬರುತ್ತದೆ? ಯಾಕೆ?
2. ಫ್ರೀ ಕಾಲಂಗೂ ಅವೈಲಬಲ್ ಕಾಲಂಗೂ ಇರುವ ವ್ಯತ್ಯಾಸವನ್ನು ಕಣದ ಉದಾಹರಣೆಯಿಂದ ಪಕ್ಕದವರಿಗೆ ಹೇಳಿ.
3. 9ನೇ ಸೂಚನೆಯನ್ನು ಕೊನೆಗೇ ಯಾಕೆ ಬಳಸಬೇಕು?
4. ಲೋಡ್ 3.80, ಕೋರ್ ನಾಲ್ಕು. ಇದು ತೊಂದರೆಯೋ ಅಲ್ಲವೋ?

ಮಾಡಿ ನೋಡಿ

ಇಬ್ಬಿಬ್ಬರು ಕುಳಿತು ಟಾಪ್ ತೆರೆಯಿರಿ. ಅವೈಲಬಲ್ ಎಷ್ಟಿದೆ ಎಂದು ಬರೆದುಕೊಳ್ಳಿ. ಫೈರ್‌ಫಾಕ್ಸ್‌ನಲ್ಲಿ ಒಂದೊಂದಾಗಿ ಹತ್ತು ಪುಟ ತೆರೆದು ಅಂಕಿ ಹೇಗೆ ಇಳಿಯುತ್ತದೆ ನೋಡಿ. ಪುಟಗಳನ್ನು ಮುಚ್ಚಿ, ಹೇಗೆ ಏರುತ್ತದೆ ನೋಡಿ. ಆಮೇಲೆ ಕ್ಯಾಲ್ಕ್ಯುಲೇಟರ್ ತೆರೆದು ಅದರ ಪಿಐಡಿ ಹುಡುಕಿ, 15ನೇ ಸೂಚನೆ ಕೊಟ್ಟು ನಿಲ್ಲಿಸಿ. ಒಬ್ಬರು ಮಾಡುವಾಗ ಇನ್ನೊಬ್ಬರು ಬರೆಯಲಿ, ನಂತರ ಸ್ಥಳ ಬದಲಿಸಿಕೊಳ್ಳಿ. ಮುಂದಿನ ತಿಂಗಳ ಸಭೆಗೆ ಬರುವಾಗ ಪ್ರತಿ ಕೇಂದ್ರದವರೂ ನೋಂದಣಿ ಪುಸ್ತಕವನ್ನು ತಪ್ಪದೆ ತರಬೇಕು. ಮೂರೂ ತಾಲೂಕಿನ ಪುಟಗಳನ್ನು ಒಟ್ಟಿಗೆ ಇಟ್ಟು ಓದೋಣ.